ತಗಡಿನ ಕೊಳವೆಯಲ್ಲಿ ಗೊರವಂಕ

ಚರ್ರ್, ಚರ್ರ್ ಎಂದು ಉಗುರಿನಿಂದ ತಗಡು ಕೆರೆಯುವ ಸದ್ದು. ಮೊದಲ ದಿನ ಇಲಿ ಎಂದುಕೊಂಡೆ. ಮರುದಿನ ನೋಡಿದರೆ, ಮಾಳಿಗೆಯ ಮಳೆನೀರು ಹೊರಹೋಗಲೆಂದು ಗೋಡೆಯಲ್ಲಿ ಕೂರಿಸಿದ್ದ ಕೊಳವೆಯೊಳಗೆ ಗೊರವಂಕ ಸಂಸಾರ ಹೂಡಿತ್ತು. ಕಾನ್ವೆಂಟಿನಲ್ಲಿ ಸ್ಟಾರ್ಲಿಂಗ್ ಫ್ಯಾಮಿಲಿ ಎಂದು ಓದಿದ್ದೆವಲ್ಲ, ಅದರದೇ ಹಕ್ಕಿ. ತಾನಾಗಿ ತೂತು ಕೊರೆಯುವ ಪೈಕಿಯಲ್ಲ. ಯಾರೋ ಮಾಡಿಟ್ಟ ತೂತಿಗೆ ಟೆನಂಟ್ ಆಗಿ ಬರುವುದು.

ಕುಂದಗೋಳದ ಹತ್ತಿರ ನಮ್ಮೂರಲ್ಲಿ ಆಗಿನ್ನೂ ನಮ್ಮದು ಮಣ್ಣಿನ ಮಾಳಿಗೆ. ಮಳೆಗೆ ಮುಂಚೆ ಹೊಸ ಮಣ್ಣು ಹರವಿ, ಬಡಿದು, ಕೊಳವೆ ಸ್ವಚ್ಛ ಮಾಡಲು ಒಬ್ಬ ಕಾಕಾ ಬರುತ್ತಿದ್ದರು. ಆ ವರ್ಷ ಕೊಳವೆಗೆ ಕೈ ಹಾಕಿದವರು ಹಾಗೇ ಹಿಂದೆ ತೆಗೆದರು.

"ಅಕ್ಕಾರ, ಮೂರು ಮರಿ ಅದಾವ್ರಿ. ರೆಕ್ಕಿ ಇನ್ನೂ ಬಂದಿಲ್ಲ."

ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಮಳೆ ಬಂದರೆ ಮರಿಗಳು ನೀರುಪಾಲು. ನೀರು ಹೋಗದೆ ನಿಂತರೆ ಮಾಳಿಗೆಯೇ ಕುಸಿದೀತು. ಗೂಡನ್ನು ಎತ್ತಿಡಲು ಕಾಕಾ ಹಳೆಯ ಗಡಿಗೆ ಕೇಳಿದರು. ನಾನು ತಡೆದೆ.

"ಮನಷ್ಯಾರ ವಾಸನಿ ಹತ್ತಿದ್ರ ತಾಯಿ ಹಂತೇಕ ಬರೂದಿಲ್ಲ ಕಾಕಾ. ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳ್ಯಾರ."

"ನಿಮ್ಮ ಕೂಸನ್ನ ಬಾಜೂಮನಿಯಾಕಿ ಎತ್ಕೊಂಡ್ರ ನೀವು ಬಿಡ್ತಿದ್ರೇನ್ರಿ?" ಎಂದವರು, ಕೈಯ ಮಣ್ಣು ಕೊಡವಿ, "ನಿಮ್ಮ ಸಿಸ್ಟರಿಗೆ ಮಕ್ಕಳಿದ್ವೇನ್ರಿ?" ಎಂದರು.

ಗಡಿಗೆ ತಂದುಕೊಟ್ಟೆ.

ಗೂಡು ಹೊರಬಂದಾಗ ನೋಡಿದರೆ ಅಬ್ಸೊಲ್ಯೂಟ್ ಜಂಕ್ ಶಾಪ್: ಜೋಳದ ಒಣಗರಿಯ ರವದಿ, ಹಾವಿನ ಪೊರೆ, ಚಿಪ್ಸ್ ಪ್ಯಾಕೆಟ್, ನಾನು ಬಾಚಿ ಎಸೆದ ನರೆಗೂದಲು. ಎಲ್ಲವನ್ನೂ ಮರಿಗಳ ಸಮೇತ ಗಡಿಗೆಯಲ್ಲಿಟ್ಟು, ಕೊಳವೆಯ ಪಕ್ಕ ಸೂರಿನಡಿಗೆ ಅಡ್ಡಲಾಗಿ ಕಟ್ಟಿ, ಕಾಕಾ ಮತ್ತೊಂದು ಮನೆಯ ಮಾಳಿಗೆಗೆ ಹೊರಟರು.

ನಾನು ಬೇವಿನ ಕೆಳಗೆ ಕುಳಿತೆ. ತಾಯಿ ಮಿಡತೆ ಕಚ್ಚಿಕೊಂಡು ಬಂತು. ಖಾಲಿ ಕೊಳವೆಗೆ ಇಣುಕಿತು, ಹಾರಿಹೋಯಿತು, ಬಂತು, ಮತ್ತೆ ಇಣುಕಿತು. ನನಗೆ ಪೂರಾ ಗಿಲ್ಟಿ ಅನಿಸಿತು. ಕಾಕಾನ ಮಾತು ಕೇಳಿ ಮೂರು ಜೀವ ಉಪವಾಸ ಕೆಡವಿದೆನಲ್ಲ ಎಂದು. ಆಗ ಗಡಿಗೆಯೊಳಗಿಂದ ಮರಿ ಕೂಗಿತು. ತಾಯಿ ಕೊರಳು ಓರೆ ಮಾಡಿ ಕೇಳಿ ಒಳಗೆ ಹೋಯಿತು. ಹೊರಬಂದಾಗ ಕೊಕ್ಕು ಖಾಲಿ. ಸಂಜೆಯ ಮಳೆಗೆ ಕೊಳವೆ ಧೋ ಎಂದು ಸುರಿಯಿತು.

ಆ ಚಳಿಗಾಲದಲ್ಲೇ ನಾವು ಮಾಳಿಗೆ ತೆಗೆಸಿ ಸಿಮೆಂಟಿನ ಸ್ಲ್ಯಾಬ್ ಹಾಕಿಸಿದೆವು. ಮಣ್ಣು ಬಡಿಯುವ ಕೆಲಸ ಮುಗಿಯಿತು, ಕಾಕಾ ನಮ್ಮ ಓಣಿಗೆ ಬರುವುದೂ ನಿಂತಿತು. ಅವರನ್ನು ಕೊನೆಯ ಸಲ ನೋಡಿದ್ದು ಕುಂದಗೋಳದ ಬಸ್‌ಸ್ಟ್ಯಾಂಡಿನಲ್ಲಿ. ಹುಬ್ಬಳ್ಳಿ ಬಸ್ಸಿನ ಕಿಟಕಿಯಿಂದ ಕರೆದರು.

"ಅಕ್ಕಾರ, ಮರಿ ಹಾರಿದ್ವೇನ್ರಿ?"

"ಮೂರೂ ಹಾರಿದ್ವು ಕಾಕಾ. ಕಡೀದು ಅಗದಿ ಸೋಂಬೇರಿ, ಎರಡು ದಿನ ತಡಾ ಮಾಡ್ತು."

ಬಸ್ಸು ಹೊರಟಿತು. ಅವರು ಪಕ್ಕದ ಸೀಟಿನವನ ಕಡೆ ತಿರುಗಿ, ಮೂರು ಬೆರಳೆತ್ತಿ ಏನೋ ಹೇಳುತ್ತಿದ್ದರು.