ನಾಲ್ಕನೇ ಆವೃತ್ತಿಯ ಕೆಳಗೆ ನನ್ನ ಹೆಸರು

ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಗೇಟಿನಿಂದ ವಾಪಸು ಬಂದು ನೋಡುವವಳು ನಾನು. ಒಮ್ಮೆಯಲ್ಲ, ಎರಡು ಸಲ. ಈ ಚಾಳಿ ಇರುವುದರಿಂದಲೇ ನನಗೆ ಈ ಕೆಲಸ ಒಗ್ಗಿತು ಎಂದು ಮನೆಯಲ್ಲಿ ನಗಾಡುತ್ತಾರೆ.

ಕೆಲಸ ಇಷ್ಟೇ. ಕಂಪ್ಯೂಟರಿನ ಬುಡದಲ್ಲಿ ಕರ್ನಲ್ ಎಂಬ ತಂತ್ರಾಂಶ ಇರುತ್ತದೆ. ಮೆಮೊರಿಯನ್ನು ಯಾವ ಪ್ರೋಗ್ರಾಮಿಗೆ ಎಷ್ಟು ಕೊಡಬೇಕು, ಯಾವಾಗ ವಾಪಸು ಪಡೆಯಬೇಕು ಎಂದು ನೋಡಿಕೊಳ್ಳುವುದು ಅದೇ. ಆ ಭಾಗವನ್ನು ತಿದ್ದಲು ಲೋಕದ ಯಾವ್ಯಾವುದೋ ಮೂಲೆಯಿಂದ ಜನ ಪ್ಯಾಚ್ ಕಳಿಸುತ್ತಾರೆ. ಯಾವ ಸಾಲು ತೆಗೆದೆ, ಯಾವುದು ಸೇರಿಸಿದೆ ಎಂದು ತೋರಿಸುವ ತಿದ್ದುಪಡಿಯೇ ಪ್ಯಾಚ್. ಉಜಿರೆಯಲ್ಲಿ ಪಾಠ ಮಾಡುವುದನ್ನು ಬಿಟ್ಟ ಮೇಲೆ ನಾನು ಲಾಯಿಲದ ಮನೆಯಲ್ಲಿ ಕೂತು ಅವುಗಳನ್ನು ಓದುತ್ತೇನೆ, ತಪ್ಪು ಹುಡುಕುತ್ತೇನೆ. ಎಲ್ಲ ಸರಿ ಎನಿಸಿದರೆ ಕೆಳಗೆ 'ಪರಿಶೀಲಿಸಿದವರು' ಎಂದು ನನ್ನ ಹೆಸರು ಹಾಕುತ್ತೇನೆ. ಹಾಗೆ ಹಾಕಿದ ಹೆಸರು ಪ್ಯಾಚಿನ ಜೊತೆ ಕರ್ನಲಿನ ಒಳಗೆ ಹೋಯಿತೆಂದರೆ ಮತ್ತೆ ಅಳಿಸಲು ಬರುವುದಿಲ್ಲ.

ಆ ಶುಕ್ರವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ ಮೇಲ್ ನೋಡಿದೆ. ಪರೀಕ್ಷೆಗೆಂದೇ ಇಟ್ಟ ಯಂತ್ರವೊಂದು ದೂರು ಕಳಿಸಿತ್ತು. ಮೆಮೊರಿ ಪೂರ್ತಿ ಬಿಗಿಯಾದಾಗ, ಬಿಟ್ಟುಕೊಟ್ಟ ಪುಟವನ್ನು, ಅಂದರೆ ಮೆಮೊರಿಯ ಒಂದು ತುಂಡನ್ನು, ಯಾರೋ ಮತ್ತೆ ಮುಟ್ಟಿದ್ದಾರೆ. ಒಂದೇ ಸಲ ಹಾಗಾಗಿದೆ, ಮತ್ತೆ ಆಗಿಲ್ಲ. ಕೆಳಗೆ ಪ್ಯಾಚಿನ ಹೆಸರಿತ್ತು. ಅದು ಮೂಡುಬಿದಿರೆಯಲ್ಲಿರುವ ನನ್ನ ಗೆಳತಿಯದು. ಉಜಿರೆಯಲ್ಲಿ ನಾನು ಪಾಠ ಮಾಡುತ್ತಿದ್ದ ಕಾಲಕ್ಕೆ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಬ್ಯಾರಿ ಹೆಂಗಸು, ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಈ ಕೆಲಸಕ್ಕೆ ನಾನೇ ಎಳೆದು ತಂದವಳು. ಇದು ಅವಳ ಮೊದಲ ದೊಡ್ಡ ಪ್ಯಾಚು. ಇದು ಒಳಗೆ ಹೋದರೆ ಅವಳ ಕಂಪೆನಿ ಅವಳ ಕೆಲಸವನ್ನು ಖಾಯಂ ಮಾಡುವುದಾಗಿ ಹೇಳಿತ್ತು.

ತಿದ್ದಿ ತಿದ್ದಿ ಅವಳು ಕಳಿಸಿದ್ದ ಪ್ಯಾಚಿನ ನಾಲ್ಕನೇ ಆವೃತ್ತಿಯನ್ನು ತೆರೆದೆ. ಕೆಳಗೆ ನನ್ನ ಹೆಸರಿತ್ತು. ಮೇಲಿನ ಕೋಡನ್ನು ನಾನು ಓದಿರಲಿಲ್ಲ.

ಓದಿದ್ದು ಮೂರನೆಯದನ್ನು. ಅದಕ್ಕೇ ಹೆಸರು ಕೊಟ್ಟದ್ದು. ಸಣ್ಣಪುಟ್ಟ ಬದಲಾವಣೆಯಾದರೆ ಹಳೆಯ ಹೆಸರನ್ನು ಹೊಸ ಆವೃತ್ತಿಗೂ ಹೊತ್ತು ತರುವುದು ನಮ್ಮವರ ರೂಢಿ. ನಾಲ್ಕನೆಯದು ಬಂದ ದಿನ ಕೆಳಗೆ ನನ್ನ ಹೆಸರು ಕಂಡಿತು, ಓಹೋ ಇದು ನಾನು ನೋಡಿದ್ದೇ ಎಂದು ಮುಚ್ಚಿಟ್ಟೆ. ಗ್ಯಾಸನ್ನು ಎರಡು ಸಲ ನೋಡುವವಳು ನನ್ನ ಹೆಸರನ್ನು ಕಂಡು ಕಣ್ಣುಮುಚ್ಚಿ ನಂಬಿದೆ! ಅಲ್ಲೇ ನಿಂತು ಓದಿದರೆ, ಹೊಸದಾಗಿ ಬದಲಾದ ಹನ್ನೊಂದು ಸಾಲಿನಲ್ಲೇ ತಪ್ಪು ಸಿಕ್ಕಿತು. ದೋಸೆ ಕರಟಿ ಹೋಯಿತು.

ಈ ವಿಭಾಗವನ್ನು ನೋಡಿಕೊಳ್ಳುವ ಹಿರಿಯರು ಯುರೋಪಿನಲ್ಲಿದ್ದಾರೆ. ಅವರ ಬೆಳಗಿನ ಒಂಬತ್ತು ಗಂಟೆ ನಮಗೆ ಮಧ್ಯಾಹ್ನ ಒಂದೂವರೆ. ಆ ಹೊತ್ತಿಗೆ ಎಲ್ಲ ಪ್ಯಾಚುಗಳನ್ನು ಕರ್ನಲಿಗೆ ಸೇರಿಸಲು ಮೇಲಕ್ಕೆ ಕಳಿಸುತ್ತೇನೆಂದು ಅವರು ಹಿಂದಿನ ದಿನವೇ ಬರೆದಿದ್ದರು. ಕೂಡಲೇ ಪಟ್ಟಿಗೆ, ಅಂದರೆ ಎಲ್ಲರೂ ಓದುವ ಮೇಲ್ ಬಳಗಕ್ಕೆ, ಬರೆಯಬೇಕಿತ್ತು. ಅಲ್ಲಿ ಎಲ್ಲವನ್ನೂ ನಾಲ್ಕು ಜನರ ಎದುರಲ್ಲೇ ಹೇಳುವುದು ಕ್ರಮ. ಆದರೆ ನಮ್ಮ ಕಡೆ, ಒಬ್ಬರ ತಪ್ಪು ಕಂಡರೆ ಮೊದಲು ಮನೆಗೆ ಹೋಗಿ ಹೇಳುತ್ತಾರೆ. ಫೋನಿನಲ್ಲಿ ಹೇಳಿದರೆ ಅವಳು ಅತ್ತಾಳು, ನಾನು ಸಮಾಧಾನ ಮಾಡಿ ಸುಮ್ಮನಾದೇನು ಎಂಬ ಹೆದರಿಕೆ ಬೇರೆ. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಗುರುವಾಯನಕೆರೆಗೆ ಬಂದೆ. ಗ್ಯಾಸ್ ನೋಡಲು ಅಂದು ವಾಪಸು ಹೋಗಲಿಲ್ಲ.

ಮೂಡುಬಿದಿರೆಯ ಬಸ್ಸು ನಿಲ್ಲುವ ಮೊದಲೇ ಕೆಳಗಿದ್ದವರು ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿದರು. ತಪ್ಪು ಇರುವುದು ಇಂಥ ಕಡೆಯೇ. ಮೆಮೊರಿಯ ಒಂದು ಪುಟವನ್ನು ಎಷ್ಟು ಜನ ಹಿಡಿದಿದ್ದಾರೆ ಎಂಬ ಲೆಕ್ಕ ಕರ್ನಲಿನಲ್ಲಿ ಇರುತ್ತದೆ. ಕೊನೆಯವರೂ ಕೈಬಿಟ್ಟರೆ ಆ ಪುಟ ಇನ್ನೊಬ್ಬರದು. ಕರವಸ್ತ್ರ ತೆಗೆದ ಮೇಲೆ ನನ್ನ ಸೀಟು ಎಂದು ಕೂರಲು ಹೋದರೆ ಯಾರದೋ ಮಡಿಲಲ್ಲಿ ಕೂತ ಹಾಗೆ. ನಾಲ್ಕನೇ ಆವೃತ್ತಿ ಮಾಡುತ್ತಿದ್ದದ್ದು ಅದನ್ನೇ. ಮೊದಲು ಪುಟವನ್ನು ಬಿಟ್ಟುಕೊಡುತ್ತಿತ್ತು, ಆಮೇಲೆ ಅದರ ಸ್ಥಿತಿ ಏನೆಂದು ನೋಡುತ್ತಿತ್ತು. ಬಸ್ಸು ಖಾಲಿ ಇದ್ದರೆ ಏನೂ ಆಗುವುದಿಲ್ಲ, ತುಂಬಿದರೆ ಎಡವಟ್ಟು.

ವೇಣೂರು ದಾಟುವಷ್ಟರಲ್ಲಿ ನನಗೆ ನನ್ನ ಮೇಲೆಯೇ ಅನುಮಾನ ಬಂತು. ಮಡಿಲ ಮೇಲೆ ಲ್ಯಾಪ್‌ಟಾಪ್ ಇಟ್ಟು ಅದೇ ಹನ್ನೊಂದು ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಪ್ರತಿ ತಿರುವಿಗೂ ಸಾಲು ಜಾರುತ್ತಿತ್ತು. ನಾನೇ ತಪ್ಪು ಹೇಳಿ ಅವಳ ಕೆಲಸ ಕೆಡಿಸಿದರೆ? ಹೇಳದೆ ಬಿಟ್ಟು, ಯಾವುದೋ ಆಸ್ಪತ್ರೆಯ ಯಂತ್ರದಲ್ಲಿ ಒಬ್ಬರ ಮಾಹಿತಿಯ ಮೇಲೆ ಇನ್ನೊಬ್ಬರದು ಕೂತರೆ? ಕಂಡಕ್ಟರ್ ಟಿಕೇಟಿನ ಯಂತ್ರವನ್ನು ಕರ್ರ್ ಎನ್ನಿಸಿದಾಗ, ಅದರೊಳಗೆ ಯಾವ ಕರ್ನಲ್ ಇದೆಯೋ ಎಂದು ಬೆವರಿದೆ.

ಹನ್ನೊಂದೂಮುಕ್ಕಾಲಿಗೆ ಅವಳ ಮನೆಯ ಬಾಗಿಲು ತಟ್ಟಿದೆ. ನಮ್ಮಿಬ್ಬರ ಮಾತು ತುಳುವಿನಲ್ಲೇ ಶುರುವಾಗುವುದು. ಕೆಲಸದ ವಿಷಯ ಬಂದರೆ ಮಾತ್ರ ಹಳೆಯ ಅಭ್ಯಾಸದಿಂದ ಕನ್ನಡಕ್ಕೆ ಹೊರಳುತ್ತದೆ. ಅಂದು ಬಾಗಿಲಲ್ಲೇ ಕನ್ನಡ ಶುರುವಾಯಿತು.

"ನಿನ್ನ ಪ್ಯಾಚಿನಲ್ಲಿ ತಪ್ಪು ಉಂಟು ಮಾರಾಯ್ತಿ. ಮೊದಲು ಲ್ಯಾಪ್‌ಟಾಪ್ ತೆಗಿ" ಎಂದೆ.

ಕೂತುಕೊಳ್ಳಿ ಎನ್ನಲೂ ಅವಳಿಗೆ ಪುರುಸೊತ್ತು ಕೊಡಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಸಾಲು ತೋರಿಸಿದೆ. ಅವಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಅಳಲಿಲ್ಲ.

"ಹೌದು ಅಕ್ಕ, ತಪ್ಪೇ. ಆದ್ರೆ ಈ ಸಾಲು ಮೇಲೆ ಹಾಕ್ಲಿಕ್ಕೆ ನೀವೇ ಹೇಳಿದ್ದಲ್ವಾ?"

"ನಾನಾ? ಯಾವಾಗ?"

ಅವಳು ನನ್ನ ಹಳೆಯ ಮೇಲ್ ತೆಗೆದಳು. ಮೂರನೇ ಆವೃತ್ತಿಗೆ ಹೆಸರು ಕೊಟ್ಟ ಮೇಲ್ ಅದೇ. ಕೊನೆಯಲ್ಲಿ ನಾನೇ ಬರೆದಿದ್ದೆ: ಪುಟವನ್ನು ಬಿಟ್ಟುಕೊಡುವ ಸಾಲು ಮೂರು ಕಡೆ ಬಂದಿದೆ, ಮೇಲೆ ಒಂದೇ ಕಡೆ ಹಾಕಿದರೆ ಚೊಕ್ಕವಾಗುತ್ತದೆ. ಮಾತಿನ ಕೊನೆಗೆ ಒಂದು ಉಪದೇಶ ಸೇರಿಸುವುದು ಮೇಷ್ಟ್ರುಗಳ ಕಾಯಿಲೆ. ಬರೆದದ್ದು ನನಗೆ ನೆನಪೇ ಇರಲಿಲ್ಲ.

"ನಿನಗೆ ಗೊತ್ತಾಗ್ಲಿಲ್ವಾ ಇದು ಸರಿಯಲ್ಲ ಅಂತ?"

"ಡೌಟ್ ಇತ್ತು. ಎರಡು ದಿನ ಯೋಚನೆ ಮಾಡಿದೆ. ಆದ್ರೆ ನೀವು ಹೇಳಿದ್ದಲ್ವಾ, ಏನೋ ಕಾರಣ ಇರ್ಬೇಕು ಅಂತ ಹಾಕಿದೆ. ಎಲ್ಲರೂ ಓದುವಲ್ಲಿ ನಿಮಗೆ ಎದುರು ಹೇಳುದು ಹೇಗೆ ಅಕ್ಕ?"

ಗಂಟೆ ಹನ್ನೆರಡೂಕಾಲು. ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. "ನಾನೇ ಬರೀತೇನೆ, ನನ್ನದೇ ತಪ್ಪು ಅಂತ. ಹೇಗೂ ಪ್ಯಾಚ್ ನಂದು. ನಿಮ್ಮ ಹೆಸರು ಯಾಕೆ ಹಾಳು ಮಾಡುದು?"

ಹೂಂ ಎನ್ನುವ ಆಸೆ ನನಗಾಯಿತು. ಇದನ್ನು ಮುಚ್ಚಿಡುವುದಿಲ್ಲ. ಆ ಹಳೆಯ ಮೇಲನ್ನು ಯಾರು ಹುಡುಕಿ ಓದುತ್ತಾರೆ? ಹದಿನಾಲ್ಕು ವರ್ಷಗಳಲ್ಲಿ ಸಂಪಾದಿಸಿದ್ದು ಆ ಹೆಸರೊಂದೇ. ಅವಳು ಟೈಪ್ ಮಾಡತೊಡಗಿದ್ದಳು. ಎರಡು ಸಾಲು ಆಗುವವರೆಗೂ ನಾನು ಬಾಯಿ ಬಿಡಲಿಲ್ಲ. ಆ ಎರಡು ಸಾಲಿನ ಹೊತ್ತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ನಿಲ್ಲಿಸು, ನಾನು ಬರೀತೇನೆ" ಎಂದೆ.

ಬರೆದದ್ದು ನಾಲ್ಕೇ ವಾಕ್ಯ. ಈ ಪ್ಯಾಚನ್ನು ತಡೆಯಿರಿ. ತಪ್ಪು ಬಂದದ್ದು ನನ್ನ ಸಲಹೆಯಿಂದ. ನಾಲ್ಕನೇ ಆವೃತ್ತಿಯನ್ನು ನಾನು ಓದಿಯೇ ಇಲ್ಲ. ನನ್ನ ಹೆಸರು ತೆಗೆಯಿರಿ. ಕಳಿಸಿದ ಮೇಲೆ, ಹೋಯಿತೋ ಇಲ್ಲವೋ ಎಂದು ಎರಡು ಸಲ ತೆರೆದು ನೋಡಿದೆ. ಒಂದೂ ನಲ್ವತ್ತಕ್ಕೆ ಯುರೋಪಿನ ಹಿರಿಯರ ಉತ್ತರ ಬಂತು: ತೆಗೆದಿದ್ದೇನೆ, ಧನ್ಯವಾದ. ಇಷ್ಟೇ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಪ್ಯಾಚು ಎರಡೂವರೆ ತಿಂಗಳು ತಡವಾಯಿತು. ಅವಳ ಕೆಲಸ ಖಾಯಂ ಆಗುವುದೂ ಅಷ್ಟೇ ಮುಂದೆ ಹೋಯಿತು.

ಐದನೇ ಆವೃತ್ತಿ ಬಂದಾಗ ಮೊದಲು ನೋಡಿದ್ದು ಕೆಳಗಿನ ಸಾಲನ್ನು. ನನ್ನ ಹೆಸರಿರಲಿಲ್ಲ. ಅದರ ಹಿಂದೆಯೇ ಫೋನಿಗೆ ಅವಳ ಸಂದೇಶ ಬಂತು: "ಓದಿ ಅಕ್ಕ. ಓದಿದ ಮೇಲೆ ಹಾಕಿ."

ಮೂರು ದಿನ ಓದಿದೆ. ತಪ್ಪು ಸಿಗಲಿಲ್ಲ. ಆದರೂ ಉಪದೇಶದ ಚಾಳಿ ಬಿಡಬೇಕಲ್ಲ, ಒಬ್ಬರು ಪುಟ ಮುಟ್ಟಿರುವಾಗ ಇನ್ನೊಬ್ಬರು ಮುಟ್ಟದಂತೆ ಹಾಕುವ ಬೀಗವನ್ನು ಒಂದು ಕಡೆ ಸ್ವಲ್ಪ ಮೊದಲೇ ತೆಗೆಯಬಹುದಲ್ಲ ಎಂದು ಪಟ್ಟಿಗೆ ಬರೆದೆ. ಅರ್ಧ ಗಂಟೆಯಲ್ಲಿ ಎಲ್ಲರೂ ಓದುವಂತೆ ಅವಳ ಉತ್ತರ ಬಂತು. "ಇಲ್ಲ. ಇದು ಸರಿಯಲ್ಲ" ಎಂದು ಶುರುಮಾಡಿ ಆರು ಸಾಲಿನಲ್ಲಿ ಕಾರಣ ಕೊಟ್ಟಿದ್ದಳು. ಕಾಗದದ ಮೇಲೆ ಬರೆದುಕೊಂಡು, ಒಂದೊಂದೇ ಹೆಜ್ಜೆ ಎರಡೆರಡು ಸಲ ನೋಡಿದೆ. ಅವಳು ಹೇಳಿದ್ದೇ ಸರಿ.

ಆಮೇಲೆ ನನ್ನ ಹೆಸರು ಹಾಕಿದೆ.