ಸೋಸಿದ ವೈನು

ಒಂದು ಹನಿಯನ್ನೂ ನಾಲಿಗೆಗೆ ತಾಗಿಸದ ನಾನು ಕೊಲ್ಲಾಪುರದ ವಾಡೆಯೊಂದರಲ್ಲಿ ಹಳೆಯ ವೈನಿನ ಪರೀಕ್ಷೆ ಮಾಡುತ್ತಿದ್ದೆ ಎಂದರೆ ನನ್ನ ಹೆಂಡತಿ ನಂಬುವುದಿಲ್ಲ. ನಾನೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಗಡಹಿಂಗ್ಲಜದ ನಮ್ಮ ಜೈನರ ಮನೆಯಿಂದ ಹೋಗಿ ಜಹಾಗೀರದಾರರೊಬ್ಬರ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ವೈನಿಟ್ಟ ನೆಲಮನೆಯ ಕೀಲಿ ನನ್ನ ಸೊಂಟಕ್ಕೆ ಬಂದದ್ದು ಯೋಗ್ಯತೆಯಿಂದಲ್ಲ. ಕುಡಿಯದವನ ಕೈಯಲ್ಲಿ ಬಾಟಲಿಗಳು ತುಂಬಿಯೇ ಇರುತ್ತವೆ ಎಂಬ ಅವರ ಧೈರ್ಯದಿಂದ.

ವಿದ್ಯೆ ಕಲಿಸಿದವನು ವಾಡೆಯ ಮುದುಕ ಬಟ್ಲರ. ತೀರಿಹೋದ ದೊಡ್ಡ ಸರಕಾರರ, ಎಂದರೆ ನಮ್ಮ ಜಹಾಗೀರದಾರರ ತಂದೆಯ, ಕಾಲದವನು. ಜೀವಮಾನವೆಲ್ಲ ನಶ್ಯ ಏರಿಸಿ ಅವನ ಮೂಗು ಸತ್ತಿತ್ತು. ಹೀಗಾಗಿ ತಿಳಿವಳಿಕೆ ಅವನದು, ಮೂಗು ನನ್ನದು.

"ಹಂಗ ಜಗ್ಗಬ್ಯಾಡ್ರಿ ಅಣ್ಣಾರ. ಮಲಗಿದ ಕೂಸಿನ್ನ ಎತ್ತಿದಂಗ ಎತ್ರಿ," ಎನ್ನುತ್ತಿದ್ದ.

ವೈನು ಬಾಟಲಿಯ ಕತ್ತಿನವರೆಗೆ ಇದೆಯೋ, ಹೆಗಲಿಗೆ ಇಳಿದಿದೆಯೋ ನೋಡಬೇಕು. ಮೇಣಬತ್ತಿಯ ಮುಂದೆ ಹಿಡಿದರೆ ನೇರಳೆ ಬಣ್ಣ ಅಂಚಿನಲ್ಲಿ ಹಳೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿರಬೇಕು. ಕೊನೆಗೆ ಬೂಚು ತೆಗೆದು ಮೂಸಬೇಕು. ಆ ತಂಪು ಕತ್ತಲೆಯಲ್ಲಿ ಬತ್ತಿಯ ಕೆಂಪು ನೆರಳು ಗೋಡೆಯ ಮೇಲೆ ತೇಲುವಾಗ, ನೆಲವೇ ಮೆಲ್ಲಗೆ ಹರಿಯುತ್ತಿದೆ ಅನಿಸುತ್ತಿತ್ತು. ಮೂಸಿದರೂ ವ್ರತ ಕೆಡುತ್ತದೆಯೇ ಎಂಬ ಚಿಂತೆ ಜೊತೆಗಿತ್ತು. ಊರಿಗೆ ಹೋದಾಗ ಹಿರಿಯರನ್ನು ಕೇಳಬೇಕೆಂದು ಹೋಗಿ, ಕೇಳದೆ ಬರುತ್ತಿದ್ದೆ.

ಒಂದು ರವಿವಾರ ದೊಡ್ಡ ಸರಕಾರರ ಹಳೆಯ ಸ್ನೇಹಿತ, ಒಬ್ಬ ಇಂಗ್ಲಿಷ್ ಸಾಹೇಬರು, ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಅವರಿಬ್ಬರೂ ಹಿಂದೆ ಕೂಡಿ ಕುಡಿದ ಫ್ರಾನ್ಸಿನ ವೈನಿನಲ್ಲಿ ಮೂರೇ ಬಾಟಲಿ ಉಳಿದಿದ್ದವು.

"ಅದನ್ನ ಹಾಕ್ಬೇಕು. ಆದ್ರ ಹುಳಿ ಆಗಿದ್ದ ಹಾಕಿದ್ರ ನಮ್ಮ ಆಬಾನ ಮಾನ ಹೋಗತೈತಿ. ನೀ ನೋಡಿ ಹೇಳು," ಎಂದರು ಮಗ, ಚಿಕ್ಕ ಸರಕಾರರು. ತಪ್ಪಾದರೆ ನನ್ನ ನೌಕರಿ ಹೋದೀತೆಂಬ ಮಾತು ಅವರು ಎತ್ತಲಿಲ್ಲ. ಮೂರು ದಿನ ಅದನ್ನು ನಾನೇ ಮನಸ್ಸಿನಲ್ಲಿ ಎತ್ತಿ ಎತ್ತಿ ಇಟ್ಟೆ.

ರವಿವಾರ ಬೆಳಿಗ್ಗೆ ಎಂಟೂವರೆಗೆ ಮೊದಲನೆಯದನ್ನು ತೆರೆದೆ: ಮೂಗಿಗೆ ಹುಳಿ ಹೊಡೆಯುವ ಶುದ್ಧ ಶಿರ್ಕಾ. ಎರಡನೆಯದರಲ್ಲಿ ಒದ್ದೆ ಗೋಣಿಚೀಲದ ವಾಸನೆ. ಮೂರನೆಯದರ ಬೂಚು ಮೂಗಿಗೆ ಹಿಡಿದವನು ಎಲ್ಲಿಗೋ ಹೋದೆ. ಬಾಡಿದ ಗುಲಾಬಿ, ಗಾಣದ ಮನೆಯಲ್ಲಿ ಕುದಿಯುವ ಕಬ್ಬಿನ ಹಾಲು, ನಮ್ಮೂರ ಹೊಳೆ ಹಿರಣ್ಯಕೇಶಿಯ ದಂಡೆಯ ತಂಪು ಮಣ್ಣು, ಒಂದರ ಹಿಂದೊಂದು ಬಂದವು. ವೈನು ಕೆಡದೆ ಉಳಿದಿತ್ತು, ಪೂರ್ತಿ ಉಳಿದಿತ್ತು!

ಆದರೆ ತಳದಲ್ಲಿ ಗಸಿ ಇತ್ತು. ನಮ್ಮ ಮನೆಯಲ್ಲಿ ಸೋಸದ ನೀರನ್ನು ಯಾರಿಗೂ ಕೊಡುವುದಿಲ್ಲ. ಅತಿಥಿಗೆ ಗಸಿ ಕೊಡುವುದೇ? ನೀರು ಸೋಸುವ ಹೊಸ ಬಟ್ಟೆ ತಂದು, ಎರಡು ಮಡಿಕೆ ಮಾಡಿ, ಇಡೀ ಬಾಟಲಿಯನ್ನು ಗಾಜಿನ ಹೂಜಿಗೆ ಸೋಸಿಬಿಟ್ಟೆ. ಆಮೇಲೆ ಇನ್ನೊಂದು ಸಂಕಟ. ಸೋಸಿದ ಬಟ್ಟೆಯಲ್ಲಿ ಉಳಿದ ಸಣ್ಣ ಜೀವಿಗಳು ಸಾಯದಂತೆ ಅವನ್ನು ನೀರು ತಂದ ಬಾವಿಗೇ ಮರಳಿ ಬಿಡಬೇಕೆಂಬುದು ನಮ್ಮ ಪದ್ಧತಿ. ಬಟ್ಟೆ ಹಿಡಿದು ನಿಂತೇ ಇದ್ದೆ.

ಬಟ್ಲರ ಬಂದು ನೋಡಿ ಹಣೆ ಬಡಿದುಕೊಂಡ. "ಏನ್ ಮಾಡಿದ್ರಿ ಅಣ್ಣಾರ! ಹಳೇ ವೈನ್ ಅಂದ್ರ ಹಣ್ಣಣ್ಣು ಮುದುಕ. ಗಾಳಿ ಬಡಿದ್ರ ಎರಡು ತಾಸನ್ಯಾಗ ಜೀವಾ ಬಿಡತೈತಿ. ಊಟ ಹನ್ನೆರಡಕ್ಕ!"

"ಮತ್ತ ಈ ಗಸಿ ಎಲ್ಲಿ ಬಿಡ್ಲಿ, ಮಾಮಾ?"

"ಫ್ರಾನ್ಸಿಗೆ ಹೋಗಿ ಬಿಟ್ಟ ಬರ್ರಿ. ಇಲ್ಲಿ ಹ್ಯಾಂಗೂ ನಿಮ್ಮನ್ನ ಇಟಗೊಳ್ಳೂದಿಲ್ಲ."

ಹೂಜಿಯ ಬಳಿ ಕುಳಿತು ಮೂಸುತ್ತಾ ಹೋದೆ. ಒಂಬತ್ತಕ್ಕೆ ಗುಲಾಬಿ ಇನ್ನೂ ಅರಳಿದಂತಿತ್ತು. ಹತ್ತಕ್ಕೆ ಹೂವು ಹೋಗಿ ಒಣ ಎಲೆ ಉಳಿಯಿತು. ಕಿಟಕಿಯ ಬಿಸಿಲು ವೈನನ್ನು ಹಾದು ಮೇಜಿನ ಮೇಲೆ ಬಿದ್ದಿತ್ತು. ಮುಟ್ಟಿದರೆ ಬೆರಳು ಒದ್ದೆಯಾದೀತು ಎನ್ನುವಂತೆ. ಹತ್ತೂವರೆಗೆ ಮೂಸಿದಾಗ ನದಿಯ ಮಣ್ಣಷ್ಟೇ, ಅದೂ ದೂರದಿಂದ. ಸಾಹೇಬರು ಆಗಲೇ ಬಂದು ಪಡಸಾಲೆಯಲ್ಲಿ ಸರಕಾರರೊಂದಿಗೆ ಮಾತಾಡುತ್ತಿದ್ದರು. ನನ್ನ ಕಾಲುಗಳು ನನ್ನನ್ನು ಕೇಳದೆ ಓಡಿದವು.

"ಸರಕಾರ, ವೈನು ಈಗs ಕುಡೀಬೇಕ್ರಿ. ಊಟದ ತನಕಾ ಇರೂದಿಲ್ಲ."

"ಬೆಳಿಗ್ಗೆ ಬೆಳಿಗ್ಗೆ? ಹುಚ್ಚ ಹಿಡಿದೈತೇನ?" ಎಂದ ಸರಕಾರರು ನನ್ನ ಮುಖ ನೋಡಿದರು. ಏನು ಕಂಡಿತೋ. "ಬರಂ, ಆಗ್ಲಿ, ತಗೊಂಡ ಬಾ."

ಸಾಹೇಬರು ಮೊದಲ ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದರು. ತೆರೆಯಲೇ ಇಲ್ಲ. ಸತ್ತರೇನೋ ಎಂದು ನನಗೆ ಭಯವಾಯಿತು. ಆಮೇಲೆ ಮೆಲ್ಲಗೆ ಗ್ಲಾಸು ಖಾಲಿ ಮಾಡಿದರು. ಸ್ವಲ್ಪ ಹೊತ್ತು ಹಳೆಯ ಗೆಳೆಯನ ಸುದ್ದಿ ನಡೆಯಿತು. ಎರಡನೆಯ ಗ್ಲಾಸನ್ನು ಮೂಗಿಗೆ ತಂದವರು ಹಾಗೇ ಕೆಳಗಿಟ್ಟು ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಮೊದಲಿಂದು ಆಬಾನ ಕಾಲದ್ದs ಅಂತ. ಇದು ಈಗ ಬರೀ ನೀರಂತ," ಎಂದರು ಸರಕಾರರು ನನ್ನ ಕಡೆ ತಿರುಗಿ. "ಇದು ಕೆಡೂ ಹೊತ್ತು ನಿನಗ ಹೆಂಗ ತಿಳೀತು?"

"ಅಂಜಿಕಿಂದ್ರಿ," ಎಂದೆ. ಇನ್ನು ಮುಚ್ಚಿಡಲಾಗಲಿಲ್ಲ. "ಮುಂಜಾನೆನs ಸೋಸಿಬಿಟ್ಟಿದ್ನ್ರಿ. ನೀರು ಸೋಸೂ ಅರಿವ್ಯಾಗ."

ಸರಕಾರರು ನಗು ತಡೆದುಕೊಂಡು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಸಾಹೇಬರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಕೆಳಗಿಟ್ಟಿದ್ದ ಗ್ಲಾಸನ್ನು ಎತ್ತಿ, ಆ ನೀರನ್ನೂ ಒಂದು ಹನಿ ಬಿಡದೆ ಕುಡಿದರು.