ಗುಳಿಗೆಗೊಂದು ತಂಬಿಗೆ ನೀರು

ನಮ್ಮ ಮನೆಯವರು ನಲವತ್ತು ದಾಟಿದ ಮೇಲೆ ಮತ್ತೆ ಶಾಲೆಗೆ ಹೋದರು. ರಜಾಕಾರರ ಗದ್ದಲ ಮುಗಿದು, ಬಸ್ಸುಗಳು ಮೊದಲಿನಂತೆ ಓಡತೊಡಗಿದ್ದ ಕಾಲ. ಹುಮನಾಬಾದಿನ ನಮ್ಮ ಮನೆಯ ಪಡಸಾಲೆಯೇ ಅವರ ದವಾಖಾನೆ. ಸಣ್ಣ ಊರುಗಳ ಡಾಕ್ಟರರಿಗೆ ಹೊಸ ಔಷಧಗಳ ಬಗ್ಗೆ ಹೈದರಾಬಾದಿನಲ್ಲಿ ಕಲಿಸುತ್ತಾರೆಂದು ತಿಳಿದು, ಪಡಸಾಲೆಗೆ ಬೀಗ ಹಾಕಿ ಒಂದು ತಿಂಗಳ ಮಟ್ಟಿಗೆ ಹೊರಟರು. ಖಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ.

ಅವರು ಹೋದ ವಾರವೇ ಬಳೆ ಮಾರುವ ಖಾಲಾ ಬಂದಳು. ಹಿಂದಿನ ಮುಸಲ್ಮಾನರ ಓಣಿಯವಳು, ನಮಗೆಲ್ಲ ಖಾಲಾ, ಚಿಕ್ಕಮ್ಮ. ನನ್ನ ಕೈಗೆ ಬೇರೆ ಯಾರೂ ಬಳೆ ತೊಡಿಸಿದ್ದಿಲ್ಲ. ಕಟ್ಟೆಯ ಮೇಲೆ ಕೂತು, ನನ್ನ ಬೆರಳುಗಳನ್ನು ಮಡಚಿ ಹಿಡಿದು ಶುರು ಮಾಡಿದಳು.

"ಏನ್ರಿ ಬಾಯಿ, ಡಾಕ್ಟರ್ ಸಾಬ್ರು ಪಾಟಿ ಹಿಡಕೊಂಡು ಸಾಲಿಗಿ ಹೋಗ್ಯಾರಂತ? ನಪಾಸಾದ್ರ ಮನ್ಯಾಗ ಕರಕೋತೀರೋ ಇಲ್ಲೋ?"

"ನಪಾಸಾದ್ರ ನಿನ್ನ ಬಳಿಗಳ ಗಂಟು ಹೊರಲಿಕ್ಕೆ ಹಚ್ಚತೀನಿ, ಖಾಲಾ."

"ಹೊರ್ಲಿ, ಹೊರ್ಲಿ. ಕೈ ಸಡಿಲ ಬಿಡ್ರಿ. ಹಿಂಗ ಬಿಗಿ ಹಿಡದ್ರ ಬಳಿ ಅಲ್ಲ, ನನ್ನ ನಸೀಬ ಒಡೀತದ."

ಆಕೆ ಹಾಗೆ ನಗುವುದನ್ನು ಕಂಡು ನನಗೆ ಸಮಾಧಾನವಾಗಿತ್ತು. ಹಿಂದಿನ ಮಳೆಗಾಲದಲ್ಲಿ ಆಕೆಯ ಬೆಳೆದ ಮಗ ತೀರಿಕೊಂಡಿದ್ದ. ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತ್ತು. ಸಲ್ಫಾ ಎಂಬ ಬಿಳಿ ಗುಳಿಗೆ ಆಗಷ್ಟೇ ನಮ್ಮ ಕಡೆ ಬಂದಿತ್ತು. ಮನೆಯವರು ಓದುವಾಗ ಅದು ಇರಲೇ ಇಲ್ಲ. ಅದನ್ನೇ ಕೊಟ್ಟರು. ಜ್ವರ ಇಳಿಯಿತು. ಖಾಲಾ ಸಕ್ಕರೆ ಹಂಚಿದಳು. ಆಮೇಲೆ ಹುಡುಗನಿಗೆ ಸೊಂಟ ನೋವು, ಮೂತ್ರ ಕಟ್ಟಿತು, ಬಂದ ಒಂದೆರಡು ಹನಿಯೂ ಕೆಂಪು. ರೋಗ ಒಳಗೆ ಇಳಿಯಿತೆಂದು ಎಲ್ಲರೂ ತಿಳಿದೆವು.

ಹೈದರಾಬಾದಿನಿಂದ ಬಂದ ದಿನ ಮನೆಯವರು ಖುಷಿಯಲ್ಲೇ ಇದ್ದರು. ಬಿಳಿ ಮೀಸೆಯ ಡಾಕ್ಟರರೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದು, ಮಗನ ವಯಸ್ಸಿನವನು ಪಾಠ ಹೇಳಿದ್ದು, ಹಿಂದಿನ ಸಾಲಿನಲ್ಲಿ ಗೊರಕೆ ಹೊಡೆದವರನ್ನು ಎಬ್ಬಿಸಿ ಪ್ರಶ್ನೆ ಕೇಳಿದ್ದು, ಎಲ್ಲ ಹೇಳಿದರು. ಮರುದಿನ ಮಧ್ಯಾಹ್ನ ಊಟಕ್ಕೆ ಕೂತವರು ತುತ್ತು ಬಿಟ್ಟು ನೀರಿನ ತಂಬಿಗೆಯನ್ನೇ ನೋಡತೊಡಗಿದರು.

"ಆ ಬಿಳಿ ಗುಳಿಗಿಗೆ ನೀರು ಬೇಕಂತ," ಎಂದರು. "ಭರಪೂರ ನೀರು, ಚಿಟಿಕಿ ಸೋಡಾ. ಇಲ್ಲಂದ್ರ ಗುಳಿಗಿ ಒಳಗ ಹರಳಾಗಿ ಮೂತ್ರದ ದಾರಿ ಮುಚ್ಚತದಂತ."

ಜ್ವರ ಬಂದವರಿಗೆ ನಮ್ಮ ಕಡೆ ಯಾರೂ ನೀರು ಕೊಡುತ್ತಿರಲಿಲ್ಲ. ನೀರು ಕುಡಿದರೆ ಜ್ವರ ಎದೆಗೆ ಇಳಿಯುತ್ತದೆಂಬ ನಂಬಿಕೆ. ಕಲ್ಯಾಣದ ನನ್ನ ತವರಿನಲ್ಲಿ ಮಕ್ಕಳು ಎಷ್ಟು ಅತ್ತರೂ ಅಜ್ಜಿ ಒದ್ದೆ ಬಟ್ಟೆಯಿಂದ ತುಟಿ ಒರೆಸಿ ಮಲಗಿಸುತ್ತಿದ್ದಳು. ಖಾಲಾನೂ ಮಗನ ಕೈಗೆ ಸಿಗದಂತೆ ನೀರಿನ ಗಡಿಗೆಯನ್ನು ಹೊರಗಿಟ್ಟಿದ್ದಳು. ಎಷ್ಟು ಪಥ್ಯ ಮಾಡಿಸಿದೆ ಎಂದು ಆಮೇಲೆ ಅತ್ತಾಗ ಅದನ್ನೂ ಹೇಳಿದ್ದಳು.

"ಆಕಿಗೆ ಹೇಳಬೇಕು," ಎಂದರು ಮನೆಯವರು.

"ಏನಂತ ಹೇಳತೀರಿ? ನಿಮ್ಮ ಮನಸ್ಸು ಹಗುರಾಗ್ತದ, ಖರೆ. ಗಡಗಿ ಹೊರಗ ಇಟ್ಟಾಕಿ ಆಕಿ. ಆಕಿ ಇನ್ನ ನೀರು ಹ್ಯಾಂಗ ಕುಡೀಬೇಕು?"

ಅವರು ಕೈ ತೊಳೆದು ಎದ್ದರು. ಹೇಳಲಿಲ್ಲ. ನಾನು ತಡೆದದ್ದಕ್ಕೇ ಹೇಳಲಿಲ್ಲ. ಅಂದಿನಿಂದ ಖಾಲಾ ಬಂದರೆ ಅವರು ಗುಳಿಗೆಯ ಡಬ್ಬಿಗಳನ್ನು ಸುಮ್ಮನೆ ಅತ್ತಿತ್ತ ಜೋಡಿಸುತ್ತಿದ್ದರು. ನಾನು ಬಳೆಗೆ ಕೈ ಒಡ್ಡಿ ಗೋಡೆ ನೋಡುತ್ತಿದ್ದೆ. "ಕೈ ಕಟ್ಟಿಗಿ ಆಗ್ಯಾವ ನೋಡ್ರಿ ಬಾಯಿ," ಎನ್ನುತ್ತಿದ್ದಳು ಆಕೆ.

ಚಳಿ ಮುಗಿಯುವ ಹೊತ್ತಿಗೆ ಕಲ್ಯಾಣಕ್ಕೆ ಕೊಟ್ಟಿದ್ದ ಆಕೆಯ ಮಗಳು ಜ್ವರ ಹೊತ್ತು ಬಸ್ಸಿನಲ್ಲಿ ಬಂದಳು. ಉಳಿದದ್ದು ಅವಳೊಬ್ಬಳೇ. ಅದೇ ಕೆಮ್ಮು, ಅದೇ ಏದುಸಿರು. ಮನೆಯವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಬಿಳಿ ಗುಳಿಗೆ ಎಣಿಸಿ ಕೊಟ್ಟರು.

"ಒಂದೊಂದು ಗುಳಿಗಿಗೂ ಒಂದು ತಂಬಿಗಿ ನೀರು ಕುಡಸಬೇಕು. ಬ್ಯಾಡಂದ್ರೂ ಕುಡಸ್ರಿ. ಮೂತ್ರ ಕಮ್ಮಿ ಆದ್ರ ಓಡಿ ಬರ್ರಿ."

"ಜ್ವರದಾಗ ನೀರ್ರೀ?" ಖಾಲಾ ಅಂಗೈಯಲ್ಲಿನ ಗುಳಿಗೆ ನೋಡಿದಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ಸಾಬ್, ಇದು ಅವಾಗ ಕೊಟ್ಟಿದ್ದಽ ಅಲ್ಲೇನ್ರಿ?"

ನಾನು ಒಳಬಾಗಿಲಲ್ಲಿ ನಿಂತಿದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ. "ಇಲ್ಲ ಖಾಲಾ, ಅದು ಬ್ಯಾರೆ ಇತ್ತು," ಎಂದುಬಿಟ್ಟೆ.

ಮನೆಯವರು ನನ್ನತ್ತ ತಿರುಗಲಿಲ್ಲ. "ಬ್ಯಾರೆ ಅಲ್ಲ. ಅದಽ ಗುಳಿಗಿ," ಎಂದರು. "ನೀರು ಕೊಡ್ರಿ ಅಂತ ಅವಾಗ ನಾ ಹೇಳಬೇಕಾಗಿತ್ತು. ನನಗ ಗೊತ್ತಿದ್ದಿಲ್ಲ. ಈಗ ಕಲತು ಬಂದೀನಿ."

ಮಗಳು ಚಾಪೆಯ ಮೇಲೆ ಕೆಮ್ಮಿದಳು. ಖಾಲಾ ಆ ಕಡೆ ನೋಡಿದಳು, ಗುಳಿಗೆಗಳನ್ನು ಸೆರಗಿನ ತುದಿಗೆ ಕಟ್ಟಿದಳು, ಗಂಟು ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದಳು.

"ಅಂವ ನೀರು ಕೇಳಿದ್ದ್ರಿ," ಎಂದಳು. ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನೀವು ಹೇಳಿದ್ರೂ ನಾ ಕೊಡತಿದ್ದಿಲ್ಲ, ಸಾಬ್. ನಮ್ಮ ಅಮ್ಮಾ ನಮಗ ಯಾವಾಗ ಕೊಟ್ಟಾಳ?"

ಅದು ಅವರಿಗೆ ಸಮಾಧಾನ ಹೇಳಿದ್ದೋ, ಇದ್ದದ್ದನ್ನೇ ಹೇಳಿದ್ದೋ ನನಗೆ ಇಂದಿಗೂ ಗೊತ್ತಾಗಿಲ್ಲ. ಆಮೇಲೆ ಆಕೆ ಅಂದು ಮೊದಲ ಸಲ ನನ್ನ ಮುಖ ನೋಡಿದಳು.

"ನಿಮ್ಮ ತಂಬಿಗಿ ಕೊಡ್ರಿ ಬಾಯಿ. ನಮ್ಮನೀದು ಸಣ್ಣದು."

ಅಷ್ಟು ವರ್ಷ ನಮ್ಮ ಕಟ್ಟೆಯ ಮೇಲೆ ಕೂತರೂ ಆಕೆ ನಮ್ಮ ಪಾತ್ರೆ ಮುಟ್ಟಿದವಳಲ್ಲ. ಬಾಯಾರಿದರೆ ಬೊಗಸೆ ಒಡ್ಡುತ್ತಿದ್ದಳು, ನಾನು ಮೇಲಿನಿಂದ ಸುರಿಯುತ್ತಿದ್ದೆ. ಆಗಿನ ರೂಢಿ ಹಾಗಿತ್ತು, ನಾನು ಅದರ ಬಗ್ಗೆ ಯೋಚಿಸಿದವಳೂ ಅಲ್ಲ. ಅಂದು ಒಳಗೆ ಹೋಗಿ ದೇವರ ನೀರು ತರುವ ದೊಡ್ಡ ತಾಮ್ರದ ತಂಬಿಗೆಯನ್ನೇ ತಂದು ಆಕೆಯ ಕೈಗೆ ಕೊಟ್ಟೆ.

ಮಗಳು ಉಳಿದಳು. ಮನೆಯವರು ದಿನವೂ ಆಕೆಯ ಮನೆಗೆ ಹೋಗಿ, ಎಷ್ಟು ನೀರು ಕುಡಿಸಿದಿರಿ ಎಂದು ಕೇಳಿ ಬರುತ್ತಿದ್ದರು. ಮುಂದೆಯೂ ಅವರು ಹೈದರಾಬಾದಿಗೆ ಕಲಿಯಲು ಹೋಗುತ್ತಲೇ ಇದ್ದರು. ಪ್ರತಿ ಸಲ ಬಂದ ಮೇಲೆ ಒಂದೆರಡು ದಿನ ಗುಳಿಗೆಯ ಡಬ್ಬಿಗಳನ್ನೇ ಅತ್ತಿತ್ತ ಜೋಡಿಸುತ್ತಿದ್ದರು. ಯಾರ್ಯಾರ ನೆನಪಾಗುತ್ತಿತ್ತೋ, ನಾನು ಕೇಳುತ್ತಿರಲಿಲ್ಲ.

ತಂಬಿಗೆ ವಾಪಸು ಬಂತು. ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯಿಸಿದ್ದಳು. ನನ್ನನ್ನು ಕರೆಯದೆ ಕಟ್ಟೆಯ ಮೇಲಿಟ್ಟು ಹೋಗಿದ್ದಳು. ಬಳೆ ತೊಡಿಸಲು ಆಮೇಲೂ ಬಂದಳು. ಪಡಸಾಲೆಯ ಕಡೆ ತಿರುಗಿ "ಸಲಾಂ ಸಾಬ್," ಎನ್ನುವಾಗ ದನಿ ಮೊದಲಿನಂತೆಯೇ ಇತ್ತು. ಆದರೆ ನನ್ನ ಕೈ ಬಿಗಿಯಾದರೆ ಈಗ ನಗೆಯಾಡುತ್ತಿರಲಿಲ್ಲ. ಅದು ತಾನಾಗಿ ಸಡಿಲವಾಗುವ ತನಕ, ಬಳೆ ಹಿಡಿದುಕೊಂಡು ಸುಮ್ಮನೆ ಕಾಯುತ್ತಿದ್ದಳು.